ಯುದ್ಧಕಾಲದ ವೈಮಾನಿಕ ಛಾಯಾಗ್ರಹಣ ಮತ್ತು ಬೇಹುಗಾರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ನಡೆಸಿದ ವೈಮಾನಿಕ ಛಾಯಾಗ್ರಹಣದ ವಿಷಯ ಬಂದಾಗಲೆಲ್ಲ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭವಾದವು ಮೊದಲು, ಕಗ್ಗಂಟಾದವು ನಂತರ.

## ಆರಂಭದ ಪ್ರಶ್ನೆಗಳು

ಯುದ್ಧದಲ್ಲಿ ವಿಮಾನದಿಂದ ಫೋಟೋ ತೆಗೆಯುವುದು ಯಾವಾಗ ಶುರುವಾಯಿತು?

ಯೋಜನಾಬದ್ಧವಾಗಿ ಶುರುವಾದದ್ದು ಮೊದಲನೆಯ ಮಹಾಯುದ್ಧದಲ್ಲಿ. 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ನವ್ ಶಾಪೆಲ್ ಕದನಕ್ಕೆ ಮುನ್ನ ಬ್ರಿಟಿಷರು ಜರ್ಮನ್ ಕಂದಕಗಳ ಸಾಲನ್ನು ಆಕಾಶದಿಂದ ಚಿತ್ರೀಕರಿಸಿ, ಆ ಚಿತ್ರಗಳಿಂದಲೇ ದಾಳಿಯ ನಕ್ಷೆಗಳನ್ನು ಸಿದ್ಧಪಡಿಸಿದ್ದರು. ಆ ಕದನದಲ್ಲಿ ಭಾರತೀಯ ಸೈನಿಕರೂ ದೊಡ್ಡ ಸಂಖ್ಯೆಯಲ್ಲಿ ಹೋರಾಡಿದರು. ಯುದ್ಧ ಮುಗಿಯುವಷ್ಟರಲ್ಲಿ ಈ ವಿದ್ಯೆ ಸಾಕಷ್ಟು ಬೆಳೆದಿತ್ತು. ಆದರೆ ಶಾಂತಿಕಾಲ ಬಂದೊಡನೆ ಅದನ್ನು ಬಹುಮಟ್ಟಿಗೆ ಮೂಲೆಗೆ ತಳ್ಳಲಾಯಿತು. 1939ರಲ್ಲಿ ಮತ್ತೆ ಯುದ್ಧ ಬಂದಾಗ ಬ್ರಿಟಿಷ್ ವಾಯುಪಡೆ ಈ ಕೆಲಸಕ್ಕೆ ಬ್ಲೆನ್‌ಹೈಮ್‌ನಂಥ ನಿಧಾನಗತಿಯ ಬಾಂಬರ್‌ಗಳನ್ನು ಕಳಿಸಿತು. ಅವುಗಳಲ್ಲಿ ಅನೇಕವು ಮರಳಿ ಬರಲಿಲ್ಲ, ಬಂದವುಗಳ ಕ್ಯಾಮೆರಾಗಳೂ ಎತ್ತರದ ಚಳಿಗೆ ಹೆಪ್ಪುಗಟ್ಟಿರುತ್ತಿದ್ದವು.

ಬಂದೂಕೇ ಇಲ್ಲದ ವಿಮಾನವನ್ನು ಶತ್ರುವಿನ ನಾಡಿನ ಮೇಲೆ ಕಳಿಸುತ್ತಿದ್ದರಂತೆ, ನಿಜವೇ?

ನಿಜ. ಅದು ಬೇಕೆಂದೇ ಮಾಡಿದ ಆಯ್ಕೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಮತ್ತು ಮಾರಿಸ್ ಲಾಂಗ್‌ಬಾಟಮ್ ಎಂಬ ಯುವ ಅಧಿಕಾರಿ ಮುಂದಿಟ್ಟ ವಾದ ಸರಳವಾಗಿತ್ತು: ಬೇಹು ವಿಮಾನದ ಕೆಲಸ ಕಾದಾಡುವುದಲ್ಲ, ಚಿತ್ರದೊಂದಿಗೆ ಮರಳುವುದು. ಅವರು ಸ್ಪಿಟ್‌ಫೈರ್ ಎಂಬ ವೇಗದ ಯುದ್ಧವಿಮಾನದಿಂದ ಬಂದೂಕುಗಳನ್ನು ಕಳಚಿ, ಉಳಿದ ತೂಕದ ಜಾಗಕ್ಕೆ ಇಂಧನ ಮತ್ತು ಕ್ಯಾಮೆರಾ ತುಂಬಿ, ಮೈಮೇಲಿನ ಸಂದುಗಳನ್ನೆಲ್ಲ ಮುಚ್ಚಿ ನಯಗೊಳಿಸಿ, ಎತ್ತರದ ಆಕಾಶದಲ್ಲಿ ಕಣ್ಣಿಗೆ ಸಿಗದಂತೆ ಮಾಸಲು ನೀಲಿ ಬಣ್ಣ ಬಳಿದರು. 1939ರ ನವೆಂಬರ್ 18ರಂದು ಲಾಂಗ್‌ಬಾಟಮ್ ಫ್ರಾನ್ಸಿನ ಸೆಕ್ಲಾನಿಂದ ಹೊರಟು, ಸುಮಾರು 33,000 ಅಡಿ ಎತ್ತರದಲ್ಲಿ ಜರ್ಮನಿಯ ಆಖನ್ ನಗರದತ್ತ ಹಾರಿದ್ದೇ ಇಂಥ ಮೊದಲ ಹಾರಾಟ. ಮೋಡದ ಕೆಳಗೆ ತೀರ ತಗ್ಗಿನಲ್ಲಿ ಹಾರಬೇಕಾದ ವಿಮಾನಗಳಿಗೆ ತಿಳಿ ಗುಲಾಬಿ ಬಣ್ಣ ಬಳಿದದ್ದೂ ಉಂಟು.

ಪೈಲಟ್ ಒಬ್ಬನೇ. ಗಂಟೆಗಟ್ಟಲೆ ಆಮ್ಲಜನಕದ ಮುಖವಾಡ ತೊಟ್ಟು, ಕೊರೆಯುವ ಚಳಿಯಲ್ಲಿ ದಾರಿ ಹುಡುಕಿಕೊಂಡು, ಕ್ಯಾಮೆರಾವನ್ನೂ ನಡೆಸಬೇಕಿತ್ತು. ಅವನು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ತನ್ನದೇ ವಿಮಾನದ ಹಿಂದೆ ಮೂಡುವ ಬಿಳಿಯ ಹಬೆಗೆರೆಗೆ, ಏಕೆಂದರೆ ಅದು ಮೈಲಿಗಟ್ಟಲೆ ದೂರದಿಂದ ಅವನ ಇರುವನ್ನು ಸಾರುತ್ತಿತ್ತು. ಹಾಗಾಗಿ ಕನ್ನಡಿಯಲ್ಲಿ ಹಿಂದೆ ನೋಡುತ್ತ, ಗೆರೆ ಮೂಡುವ ಎತ್ತರ ಯಾವುದೆಂದು ಗುರುತಿಸಿ, ಅದರ ಸ್ವಲ್ಪ ಕೆಳಗೆ ಹಾರುವುದು ರೂಢಿಯಾಯಿತು. ಆಗ ಮೇಲಿನಿಂದ ಎರಗಲು ಬರುವ ಶತ್ರು ವಿಮಾನದ ಹಿಂದೆ ಗೆರೆ ಮೂಡಿ, ಅದೇ ಇವನಿಗೆ ಎಚ್ಚರಿಕೆಯಾಗುತ್ತಿತ್ತು.

ಅಷ್ಟು ಎತ್ತರದಿಂದ ತೆಗೆದ ಚಿತ್ರದಲ್ಲಿ ಏನು ತಾನೇ ಕಾಣುತ್ತದೆ?

ಇದಕ್ಕೆ ಒಂದು ಸುಲಭದ ಲೆಕ್ಕವಿದೆ. ಮಸೂರದ ನಾಭಿದೂರವನ್ನು ವಿಮಾನದ ಎತ್ತರದಿಂದ ಭಾಗಿಸಿದರೆ ಚಿತ್ರದ ಪ್ರಮಾಣ ಸಿಗುತ್ತದೆ. 36 ಇಂಚು, ಅಂದರೆ 3 ಅಡಿ ನಾಭಿದೂರದ ಮಸೂರವನ್ನು 30,000 ಅಡಿ ಎತ್ತರದಲ್ಲಿ ಬಳಸಿದರೆ ಪ್ರಮಾಣ 1:10,000. ಆಗ ನೆಲದ ಮೇಲಿನ 10 ಮೀಟರ್ ಚಿತ್ರದಲ್ಲಿ 1 ಮಿಲಿಮೀಟರ್ ಆಗುತ್ತದೆ. ಯುದ್ಧನೌಕೆ ಎರಡೂವರೆ ಸೆಂಟಿಮೀಟರ್, ಯುದ್ಧವಿಮಾನ ಒಂದು ಸಣ್ಣ ಚುಕ್ಕೆ, ಮನುಷ್ಯನಂತೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಹೀಗಿದ್ದೂ ನುರಿತವರಿಗೆ ಬಹಳಷ್ಟು ಕಾಣುತ್ತಿತ್ತು, ಏಕೆಂದರೆ ಅವರು ವಸ್ತುವಿನ ಆಕಾರವನ್ನಷ್ಟೇ ನೋಡುತ್ತಿರಲಿಲ್ಲ. ನೆರಳಿನ ಉದ್ದದಿಂದ ಎತ್ತರ ತಿಳಿಯುತ್ತಿತ್ತು. ತುಳಿದ ಹುಲ್ಲು ಬೆಳಕನ್ನು ಬೇರೆ ರೀತಿಯಲ್ಲಿ ಪ್ರತಿಫಲಿಸುವುದರಿಂದ ಹೊಸ ಕಾಲುದಾರಿ ಎದ್ದು ಕಾಣುತ್ತಿತ್ತು. ರೈಲ್ವೆ ಹಳಿಯ ತಿರುವು ಎಷ್ಟು ಅಗಲವಾಗಿದೆ ಎಂಬುದರಿಂದ ಅದರ ಮೇಲೆ ಎಂಥ ಸರಕು ಸಾಗಬಹುದೆಂದು ಊಹಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಸ್ಥಳದ ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು, ಕಳೆದ ಸಲ ಇಲ್ಲದ್ದು ಈ ಸಲ ಏನಿದೆ ಎಂದು ಹುಡುಕುವುದೇ ಈ ಕೆಲಸದ ಜೀವಾಳವಾಗಿತ್ತು. ಒಂಟಿ ಚಿತ್ರ ಹೇಳುವುದು ಕಡಿಮೆ.

ಆ ಕಾಲದಲ್ಲೇ ಮೂರು ಆಯಾಮದಲ್ಲಿ ನೋಡುತ್ತಿದ್ದರು ಅಂತಾರೆ, ಅದು ಹೇಗೆ?

ಕ್ಯಾಮೆರಾ ನಿಗದಿತ ಅಂತರದಲ್ಲಿ ತಾನಾಗಿಯೇ ಚಿತ್ರ ತೆಗೆಯುತ್ತ ಹೋಗುತ್ತಿತ್ತು, ಒಂದು ಚಿತ್ರದ ಸುಮಾರು 60 ಪ್ರತಿಶತ ಭಾಗ ಮುಂದಿನದರಲ್ಲೂ ಬರುತ್ತಿತ್ತು. ಹೀಗೆ ಒಂದೇ ನೆಲ ಎರಡು ಕೋನಗಳಿಂದ ದಾಖಲಾಗುತ್ತಿತ್ತು. ಆ ಎರಡು ಮುದ್ರಣಗಳನ್ನು ಅಕ್ಕಪಕ್ಕದಲ್ಲಿಟ್ಟು, ನಾಲ್ಕು ಕಾಲಿನ ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ ಎರಡು ಮಸೂರಗಳ ಸ್ಟೀರಿಯೋಸ್ಕೋಪ್‌ನಲ್ಲಿ ನೋಡಿದರೆ ಕಟ್ಟಡಗಳು ಮೇಜಿನಿಂದ ಮೇಲೆದ್ದು ನಿಲ್ಲುತ್ತಿದ್ದವು. ಎರಡು ಚಿತ್ರಗಳ ನಡುವೆ ವಿಮಾನ ನೂರಾರು ಮೀಟರ್ ಸಾಗಿರುತ್ತಿದ್ದುದರಿಂದ ಎತ್ತರ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತಿತ್ತು, ಅದು ಅನುಕೂಲವೇ ಆಯಿತು. ನಿಖರ ಅಳತೆಗೆ ಸ್ವಿಟ್ಜರ್ಲೆಂಡಿನ ವಿಲ್ಡ್ ಎ5 ಎಂಬ ದೊಡ್ಡ ಯಂತ್ರವಿತ್ತು.

ವಿಮಾನ ಇಳಿದ ಮೇಲೆ ಆ ಫಿಲ್ಮ್ ಎಲ್ಲಿಗೆ ಹೋಗುತ್ತಿತ್ತು?

ಮೂರು ಹಂತಗಳಿದ್ದವು. ಮೊದಲ ಹಂತದ ವಿಶ್ಲೇಷಣೆ ವಿಮಾನ ನೆಲೆಯಲ್ಲೇ, ಇಳಿದ ಕೆಲವೇ ಗಂಟೆಗಳಲ್ಲಿ ನಡೆಯುತ್ತಿತ್ತು: ಬಂದರಿನಿಂದ ನೌಕೆ ಹೊರಟಿದೆಯೇ, ಸೇತುವೆ ಉರುಳಿದೆಯೇ ಎಂಬಂಥ ತುರ್ತು ಸಂಗತಿಗಳು. ಎರಡನೆಯ ಹಂತ ಒಂದು ದಿನದೊಳಗೆ ಮುಗಿಯುತ್ತಿತ್ತು, ಅದೇ ದಿನದ ಬೇರೆ ಬೇರೆ ಹಾರಾಟಗಳ ಚಿತ್ರಗಳನ್ನು ಒಟ್ಟಿಗೆ ನೋಡುವುದು ಅದರ ಕೆಲಸ. ಮೂರನೆಯದಕ್ಕೆ ಅವಸರವಿರಲಿಲ್ಲ. ವಿಮಾನ, ನೌಕೆ, ರಾಡಾರ್, ಕಾರ್ಖಾನೆ, ಮರೆಮಾಚುವಿಕೆ ಎಂದು ವಿಷಯವಾರು ವಿಭಾಗಗಳು ವಾರಗಟ್ಟಲೆ ಅಧ್ಯಯನ ನಡೆಸುತ್ತಿದ್ದವು. ಈ ಕೆಲಸದ ಕೇಂದ್ರ 1941ರಿಂದ ಥೇಮ್ಸ್ ನದಿ ದಂಡೆಯ ಮೆಡ್ಮೆನಮ್ ಎಂಬ ಹಳ್ಳಿಯಲ್ಲಿದ್ದ ಡೇನ್ಸ್‌ಫೀಲ್ಡ್ ಹೌಸ್ ಎಂಬ ಬಂಗಲೆ.

ಮೊದಲ ಹಂತದ ಮಹತ್ವಕ್ಕೆ ಬಿಸ್ಮಾರ್ಕ್ ಪ್ರಕರಣ ಸಾಕು. 1941ರ ಮೇ 21ರಂದು ಮೈಕೆಲ್ ಸಕ್ಲಿಂಗ್ ಎಂಬ ಪೈಲಟ್ ನಾರ್ವೆಯ ಬರ್ಗನ್ ಬಳಿಯ ಕಡಲಚಾಚಿನಲ್ಲಿ ಆ ಜರ್ಮನ್ ಯುದ್ಧನೌಕೆಯನ್ನು ಚಿತ್ರೀಕರಿಸಿದ. ಬೆನ್ನಟ್ಟಿದ ಬ್ರಿಟಿಷ್ ನೌಕಾಪಡೆ ಮೇ 27ರಂದು ಅದನ್ನು ಮುಳುಗಿಸಿತು. ಸಕ್ಲಿಂಗ್ ಅದೇ ವರ್ಷದ ಜುಲೈನಲ್ಲಿ ಹಾರಾಟಕ್ಕೆ ಹೋದವನು ಮರಳಲಿಲ್ಲ.

ಚಿತ್ರಗಳನ್ನು ಓದುತ್ತಿದ್ದವರು ಸೈನಿಕರೇ?

ಸಮವಸ್ತ್ರ ಎಲ್ಲರಿಗೂ ಇತ್ತು, ಹಿನ್ನೆಲೆ ಮಾತ್ರ ಬೇರೆ ಬೇರೆ. ಪುರಾತತ್ತ್ವಜ್ಞರು, ಭೂಗೋಳಜ್ಞರು, ಭೂವಿಜ್ಞಾನಿಗಳು, ಕಲಾವಿದರು, ವಿಶ್ವವಿದ್ಯಾಲಯದ ಅಧ್ಯಾಪಕರು ಅಲ್ಲಿದ್ದರು. ನೆಲದ ಮೇಲಿನ ಮಸುಕು ಗುರುತಿನಿಂದ ಹಳೆಯ ಕೋಟೆಯ ಪಾಯವನ್ನು ಊಹಿಸಬಲ್ಲವನಿಗೆ ಹೊಸ ಫಿರಂಗಿ ನೆಲೆಯನ್ನು ಗುರುತಿಸುವುದು ಹೆಚ್ಚು ಕಷ್ಟವಲ್ಲ. ಮಹಿಳೆಯರ ಸಂಖ್ಯೆ ಬಹಳ ದೊಡ್ಡದಿತ್ತು, ಅವರು ಟೈಪಿಂಗ್‌ಗೆ ಸೀಮಿತರಾಗಿರದೆ ಪುರುಷರಿಗೆ ಸಮನಾಗಿ ವಿಶ್ಲೇಷಕರಾಗಿ ದುಡಿದರು. ವಿಮಾನ ವಿಭಾಗವನ್ನು ಕಟ್ಟಿ ಮುನ್ನಡೆಸಿದವರು ಯುದ್ಧಕ್ಕೆ ಮೊದಲು ವಿಮಾನಗಳ ಬಗ್ಗೆ ಬರೆಯುತ್ತಿದ್ದ ಪತ್ರಕರ್ತೆ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್. ಪ್ರಧಾನಿ ಚರ್ಚಿಲ್ ಅವರ ಮಗಳು ಸಾರಾ ಕೂಡ ಅಲ್ಲಿ ವಿಶ್ಲೇಷಕಿಯಾಗಿದ್ದರು.

## ಇನ್ನಷ್ಟು ಒಳಗೆ

ಬಲೆ ಹೊದಿಸಿ, ಬಣ್ಣ ಬಳಿದು ಮುಚ್ಚಿಟ್ಟರೆ ಕ್ಯಾಮೆರಾಕ್ಕೆ ಮೋಸವಾಗುವುದಿಲ್ಲವೇ?

ಕ್ಯಾಮೆರಾಕ್ಕೆ ಆಗಬಹುದು, ಹಳೆಯ ಚಿತ್ರಗಳ ಕಡತ ಇಟ್ಟುಕೊಂಡವರಿಗೆ ಆಗುವುದು ಅಪರೂಪ. ಹ್ಯಾಂಬರ್ಗ್ ನಗರದ ನಡುವೆ ಆಲ್‌ಸ್ಟರ್ ಎಂಬ ಸರೋವರವಿದೆ, ಅದರ ಒಳಭಾಗ ಬಾಂಬರ್ ಪೈಲಟ್‌ಗಳಿಗೆ ಒಳ್ಳೆಯ ದಾರಿಗುರುತಾಗಿತ್ತು. 1941ರಲ್ಲಿ ಜರ್ಮನರು ಆ ಒಳಸರೋವರದ ಮೇಲೆ ಚಪ್ಪರ ಹೊದಿಸಿ ಅದನ್ನು ನಗರದ ಬೀದಿಗಳಂತೆ ಕಾಣುವಂತೆ ಮಾಡಿದರು. ಪಕ್ಕದ ಸೇತುವೆಯ ನಕಲನ್ನು ಸ್ವಲ್ಪ ದೂರದಲ್ಲಿ ಹೊಸದಾಗಿ ಕಟ್ಟಿದರು. ಅಗಾಧ ಶ್ರಮದ ಕೆಲಸ. ಆದರೆ ಮೊದಲಿನ ಚಿತ್ರದಲ್ಲಿ ನೀರಿದ್ದ ಕಡೆ ಈಗ ಬೀದಿ ಕಂಡರೆ ವಿಶ್ಲೇಷಕನಿಗೆ ಇನ್ನೇನು ಬೇಕು?

ಮರೆಮಾಚುವಿಕೆ ಸಾಮಾನ್ಯವಾಗಿ ಸೋಲುತ್ತಿದ್ದದ್ದು ಚಿಲ್ಲರೆ ತಪ್ಪುಗಳಿಂದ. ಫಿರಂಗಿಗೆ ಬಲೆ ಹೊದಿಸಿದರೂ ಅಲ್ಲಿಗೆ ಹೋಗುವ ಲಾರಿಯ ಗಾಲಿಯ ಗುರುತು ಉಳಿಯುತ್ತಿತ್ತು. ಕಡಿದು ತಂದ ಕೊಂಬೆಗಳು ಎರಡೇ ದಿನಕ್ಕೆ ಬಾಡಿ, ಸುತ್ತಲ ಹಸಿರಿಗಿಂತ ಬೇರೆಯಾಗಿ ಕಾಣುತ್ತಿದ್ದವು. ಹುಸಿ ವಿಮಾನಗಳನ್ನು ನಿಲ್ಲಿಸಿದವರು ಅವುಗಳನ್ನು ಜರುಗಿಸಲು ಮರೆಯುತ್ತಿದ್ದರು, ವಾರಗಟ್ಟಲೆ ಅಲುಗಾಡದ ವಿಮಾನ ಮರದ್ದೇ ಇರಬೇಕು.

ಒಂದೇ ಒಂದು ಫೋಟೋ ಒಂದು ಕಾರ್ಯಾಚರಣೆಗೆ ಕಾರಣವಾದದ್ದುಂಟೇ?

ಬ್ರೂನ್ವಾಲ್ ದಾಳಿಯನ್ನು ಹಾಗೆ ಹೇಳಬಹುದು. ಫ್ರಾನ್ಸಿನ ಕರಾವಳಿಯ ಕಡಿದಾದ ಬಂಡೆಯಂಚಿನ ಮೇಲೆ ಒಂದು ಒಂಟಿ ಮನೆಯಿತ್ತು. ಎತ್ತರದಿಂದ ತೆಗೆದ ಚಿತ್ರದಲ್ಲಿ ಆ ಮನೆಯ ಕಡೆಯಿಂದ ಹೊರಟ ಸವೆದ ಹಾದಿ ಒಂದು ಸಣ್ಣ ಚುಕ್ಕೆಯ ಬಳಿಗೆ ಹೋಗಿ ನಿಂತಿತ್ತು. ಏನೂ ಇಲ್ಲದ ಕಡೆ ಜನ ಏಕೆ ನಡೆದು ಹೋಗುತ್ತಾರೆ? ಚುಕ್ಕೆ ಏನೆಂದು ತಿಳಿಯಲು 1941ರ ಡಿಸೆಂಬರ್ 5ರಂದು ಟೋನಿ ಹಿಲ್ ಎಂಬ ಪೈಲಟ್ ಬಂಡೆಯ ಮಟ್ಟಕ್ಕಿಳಿದು, ವಿಮಾನದ ಪಕ್ಕದಲ್ಲಿ ಕೂರಿಸಿದ ಕ್ಯಾಮೆರಾದಿಂದ ಓರೆ ಚಿತ್ರ ತೆಗೆದ. ಮುದ್ರಣದಲ್ಲಿ ಬೋಗುಣಿ ಆಕಾರದ ಆಂಟೆನಾ ಸ್ಪಷ್ಟವಾಗಿ ಮೂಡಿತ್ತು: ಜರ್ಮನರ ವ್ಯೂರ್ಟ್ಸ್‌ಬರ್ಗ್ ರಾಡಾರ್. ಚಿತ್ರಗಳ ಆಧಾರದಲ್ಲಿ ಮೆಡ್ಮೆನಮ್‌ನಲ್ಲಿ ಆ ಸ್ಥಳದ ಮಾದರಿ ತಯಾರಾಯಿತು. 1942ರ ಫೆಬ್ರವರಿ 27ರ ರಾತ್ರಿ ಮೇಜರ್ ಜಾನ್ ಫ್ರಾಸ್ಟ್ ನೇತೃತ್ವದ ಪ್ಯಾರಾಚೂಟ್ ಪಡೆ ಅಲ್ಲಿಳಿದು, ರಾಡಾರಿನ ಮುಖ್ಯ ಭಾಗಗಳನ್ನು ಕಳಚಿ ಸಮುದ್ರ ಮಾರ್ಗವಾಗಿ ಇಂಗ್ಲೆಂಡಿಗೆ ತಂದಿತು.

ಪೀನೆಮ್ಯುಂಡೆಯ ರಾಕೆಟ್‌ಗಳನ್ನು ಕಂಡುಹಿಡಿದದ್ದು ಫೋಟೋದಿಂದಲೇ?

ಫೋಟೋದಿಂದ ಮಾತ್ರ ಎಂದರೆ ತಪ್ಪು, ಫೋಟೋ ಇಲ್ಲದೆ ಆಗುತ್ತಿತ್ತು ಎಂದರೂ ತಪ್ಪು. 1942ರ ಮೇ 15ರಂದು ಬಾಲ್ಟಿಕ್ ತೀರದಲ್ಲಿ ಜರ್ಮನರ ರಾಕೆಟ್ ಪರೀಕ್ಷಾ ನೆಲೆಯಿದ್ದ ಪೀನೆಮ್ಯುಂಡೆಯ ಮೇಲೆ ಹಾರುತ್ತಿದ್ದ ಸ್ಪಿಟ್‌ಫೈರ್ ಪೈಲಟ್ ಡಿ. ಡಬ್ಲ್ಯು. ಸ್ಟೀವೆಂಟನ್ ಕೆಳಗೆ ಹೊಸ ಕಾಮಗಾರಿ ಕಂಡು ಕ್ಯಾಮೆರಾ ಚಾಲೂ ಮಾಡಿದ. ಆ ಚಿತ್ರಗಳಲ್ಲಿ ಕಾಡಿನ ನಡುವೆ ದೊಡ್ಡ ದುಂಡನೆಯ ಮಣ್ಣಿನ ಒಡ್ಡುಗಳಿದ್ದವು. ಏನೆಂದು ಯಾರಿಗೂ ತಿಳಿಯಲಿಲ್ಲ, ಚಿತ್ರ ಕಡತಕ್ಕೆ ಸೇರಿತು. ಹತ್ತು ತಿಂಗಳ ನಂತರ, 1943ರ ಮಾರ್ಚ್‌ನಲ್ಲಿ, ಸೆರೆಯಲ್ಲಿದ್ದ ಇಬ್ಬರು ಜರ್ಮನ್ ಜನರಲ್‌ಗಳ ಮಾತನ್ನು ಬ್ರಿಟಿಷರು ಗುಪ್ತ ಮೈಕ್ರೋಫೋನ್ ಮೂಲಕ ಕೇಳಿಸಿಕೊಂಡಾಗ ರಾಕೆಟ್‌ಗಳ ಪ್ರಸ್ತಾಪ ಬಂತು. ಆಗ ಹಳೆಯ ಚಿತ್ರಗಳಿಗೆ ಅರ್ಥ ಬರತೊಡಗಿತು.

ಜೂನ್ 12ರ ಹಾರಾಟದ ಚಿತ್ರವೊಂದರಲ್ಲಿ ರೈಲು ವ್ಯಾಗನ್ ಮೇಲೆ ಮಲಗಿದ್ದ, ಬಾಲದಲ್ಲಿ ರೆಕ್ಕೆಗಳಿದ್ದ ಬಿಳಿಯ ಕೊಳವೆಯಂಥದ್ದನ್ನು ವಿಜ್ಞಾನಿ ಆರ್. ವಿ. ಜೋನ್ಸ್ ರಾಕೆಟ್ ಎಂದು ಗುರುತಿಸಿದರು. ಜೂನ್ 23ರ ಚಿತ್ರಗಳು ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿದ್ದವು. ಆದರೂ ಚರ್ಚಿಲ್ ಅವರ ವೈಜ್ಞಾನಿಕ ಸಲಹೆಗಾರ ಲಾರ್ಡ್ ಚರ್ವೆಲ್ ಇದು ಜರ್ಮನರು ಹೂಡಿದ ನಾಟಕವಿರಬೇಕೆಂದು ಪಟ್ಟು ಹಿಡಿದರು. ಕೊನೆಗೆ ಆಗಸ್ಟ್ 17ರ ರಾತ್ರಿ 596 ಬಾಂಬರ್‌ಗಳು ಪೀನೆಮ್ಯುಂಡೆಯ ಮೇಲೆ ದಾಳಿ ಮಾಡಿದವು, ಅವುಗಳಲ್ಲಿ 40 ಮರಳಲಿಲ್ಲ. ಗುರಿ ತಪ್ಪಿದ ಬಾಂಬುಗಳು ಹತ್ತಿರದ ಟ್ರಾಸ್ಸೆನ್‌ಹೈಡೆ ಶಿಬಿರದಲ್ಲಿದ್ದ ನೂರಾರು ವಿದೇಶಿ ಕಾರ್ಮಿಕರನ್ನು ಕೊಂದವು. ರಾಕೆಟ್‌ನ ಮೊದಲ ಸುಳಿವುಗಳನ್ನು ಹೊರಗೆ ಸಾಗಿಸಿದವರಲ್ಲಿ ಇಂಥ ಕಾರ್ಮಿಕರೂ ಇದ್ದರು.

ಚಾಲಕನಿಲ್ಲದ ಹಾರುಬಾಂಬು ವಿ-1ರ ಕತೆ ಬೇರೆ. ಅತಿ ಚಿಕ್ಕ ವಿಮಾನವೊಂದಕ್ಕಾಗಿ ಹುಡುಕಿ ಎಂಬ ಸೂಚನೆಯ ಮೇರೆಗೆ ಬ್ಯಾಬಿಂಗ್ಟನ್ ಸ್ಮಿತ್ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದು, ಕಟ್ಟಡವೊಂದರ ಮಗ್ಗುಲಲ್ಲಿ ಮಿಲಿಮೀಟರಿಗಿಂತ ಸಣ್ಣದಾದ ಶಿಲುಬೆಯಾಕಾರದ ಮಸುಕು ಗುರುತನ್ನು ಕಂಡರು. ರೆಕ್ಕೆಯ ಅಗಲ ಸುಮಾರು 20 ಅಡಿ ಎಂದು ಅಂದಾಜಿಸಿ ಅದಕ್ಕೆ ಪೀನೆಮ್ಯುಂಡೆ 20 ಎಂದು ಹೆಸರಿಟ್ಟರು. ಇತ್ತ ಉತ್ತರ ಫ್ರಾನ್ಸಿನಲ್ಲಿ ಹಿಮಜಾರಿಕೆಯ ಪಟ್ಟಿಯನ್ನು ಮಗ್ಗುಲಿಗೆ ಮಲಗಿಸಿದಂತೆ ತುದಿ ಬಾಗಿದ ವಿಚಿತ್ರ ಕಟ್ಟಡಗಳ ತಾಣಗಳು 90ಕ್ಕೂ ಹೆಚ್ಚು ಪತ್ತೆಯಾಗಿದ್ದವು. ಅವು ಏತಕ್ಕೆಂದು ಗೊತ್ತಿರಲಿಲ್ಲ. 1943ರ ನವೆಂಬರ್ 28ರಂದು ಜಾನ್ ಮೆರಿಫೀಲ್ಡ್ ತನ್ನ ಮಾಸ್ಕಿಟೋ ವಿಮಾನದಿಂದ ತೆಗೆದ ಚಿತ್ರದಲ್ಲಿ ಕಡಲಂಚಿನ ಇಳಿಜಾರು ಹಳಿಯೊಂದರ ಮೇಲೆ ಅದೇ ಪುಟ್ಟ ವಿಮಾನ ಕೂತಿತ್ತು, ಫ್ರಾನ್ಸಿನ ತಾಣಗಳಲ್ಲೂ ಅಂಥದ್ದೇ ಹಳಿಗೆ ಜಾಗ ಬಿಟ್ಟಿದ್ದರು. ಗಂಟು ಬಿಚ್ಚಿತು. ಆ ತಾಣಗಳ ಮೇಲೆ ಬಾಂಬು ಸುರಿದಾಗ ಜರ್ಮನರು ಸುಲಭಕ್ಕೆ ಕಾಣದ ಸರಳ ತಾಣಗಳನ್ನು ಕಟ್ಟಿಕೊಂಡರು. 1944ರ ಜೂನ್ 13ರಂದು ಲಂಡನ್ ಮೇಲೆ ಮೊದಲ ವಿ-1 ಬಿತ್ತು.

ಚಿತ್ರಗಳು ತಮ್ಮವರನ್ನೇ ಮುಜುಗರಕ್ಕೀಡುಮಾಡಿದ್ದೂ ಉಂಟಂತೆ?

1941ರ ಆಗಸ್ಟ್‌ನ ಬಟ್ ವರದಿ ಮಾಡಿದ್ದು ಅದನ್ನೇ. ಬ್ರಿಟಿಷ್ ಬಾಂಬರ್ ಪಡೆ ರಾತ್ರಿ ದಾಳಿಗಳ ಯಶಸ್ಸನ್ನು ಕೊಂಡಾಡಿಕೊಳ್ಳುತ್ತಿದ್ದಾಗ, ಡಿ. ಎಂ. ಬಟ್ ಎಂಬ ಅಧಿಕಾರಿ ಬಾಂಬು ಬೀಳಿಸುವ ಗಳಿಗೆಯಲ್ಲಿ ವಿಮಾನಗಳೇ ತೆಗೆದ 600ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿದರು. ಗುರಿಯನ್ನು ಹೊಡೆದೆವು ಎಂದು ವರದಿ ಮಾಡಿದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯಿಂದ ಐದು ಮೈಲಿ ದೂರದೊಳಗೆ ತಲುಪಿತ್ತು. ಸೇನಾಧಿಕಾರಿಗಳು ಸಿಟ್ಟಾದರು, ಚಿತ್ರಗಳನ್ನೇ ದೂರಿದರು. ಆದರೆ ಪಥನಿರ್ಣಯದ ಹೊಸ ಉಪಕರಣಗಳಿಗೆ ಒತ್ತು ಸಿಕ್ಕಿದ್ದು ಈ ವರದಿಯ ನಂತರವೇ. ಇದನ್ನು ಮಾಡಿಸಿದವರು ಪೀನೆಮ್ಯುಂಡೆಯ ಚಿತ್ರವನ್ನು ಮುಂದೆ ನಂಬದೆ ಹೋದ ಅದೇ ಚರ್ವೆಲ್ ಎಂಬುದು ಗಮನಿಸತಕ್ಕದ್ದು.

## ತಜ್ಞರೂ ಚರ್ಚಿಸುವ ಪ್ರಶ್ನೆಗಳು

ಎನಿಗ್ಮಾ ಸಂಕೇತವನ್ನೇ ಒಡೆದಿದ್ದರಲ್ಲ, ಮತ್ತೆ ಫೋಟೋ ಏಕೆ ಬೇಕಿತ್ತು?

ಎನಿಗ್ಮಾ ಎಂಬುದು ಜರ್ಮನರು ಗುಪ್ತ ಸಂದೇಶ ಬರೆಯಲು ಬಳಸಿದ ಯಂತ್ರ. ಅದರಿಂದ ರೇಡಿಯೋದಲ್ಲಿ ಕಳಿಸಿದ ಸಂದೇಶ ಮಾತ್ರ ಸಂಕೇತ ಒಡೆದವರಿಗೆ ಸಿಗುತ್ತಿತ್ತು. ತಂತಿಯಲ್ಲಿ ಹೋದ ಸುದ್ದಿ, ಯಾರೂ ಹೇಳದೆ ಕಟ್ಟಿದ ಕಾರ್ಖಾನೆ ಅವರಿಗೆ ಸಿಗುತ್ತಿರಲಿಲ್ಲ. ಸಂಕೇತದಿಂದ ತಿಳಿದದ್ದನ್ನು ಚಿತ್ರದಿಂದ ದೃಢಪಡಿಸಿಕೊಳ್ಳುವುದು, ಚಿತ್ರದಲ್ಲಿ ಕಂಡ ಅಪರಿಚಿತ ವಸ್ತುವಿಗೆ ಸಂಕೇತದಿಂದ ಹೆಸರು ಪಡೆಯುವುದು, ಹೀಗೆ ಎರಡೂ ಒಂದನ್ನೊಂದು ಆಧರಿಸಿದ್ದವು. ಇನ್ನೊಂದು ಉಪಯೋಗವೂ ಇತ್ತು. ಮೆಡಿಟರೇನಿಯನ್‌ನಲ್ಲಿ ಶತ್ರುವಿನ ಸರಕು ಹಡಗು ಎಲ್ಲಿದೆ ಎಂದು ಸಂಕೇತದಿಂದ ತಿಳಿದಿದ್ದರೂ, ದಾಳಿಗೆ ಮುನ್ನ ಮಾಲ್ಟಾದಿಂದ ಬೇಹು ವಿಮಾನವನ್ನು ಕಳಿಸಿ ಹಡಗಿನವರ ಕಣ್ಣಿಗೆ ಬೀಳುವಂತೆ ಹಾರಿಸುತ್ತಿದ್ದರು. ತಮ್ಮ ಹಡಗು ಮುಳುಗಿದ್ದು ವಿಮಾನ ಕಂಡುಹಿಡಿದದ್ದರಿಂದ ಎಂದು ಶತ್ರು ನಂಬಲಿ ಎಂಬುದಷ್ಟೇ ಅದರ ಉದ್ದೇಶ.

ಚಿತ್ರಕ್ಕೆ ಸಿಗದೆ ಹೋದದ್ದೂ ಇದೆ. ಪೀನೆಮ್ಯುಂಡೆಯಲ್ಲಿ ಕಂಡ ಅದೇ ರಾಕೆಟ್, ಅಂದರೆ ವಿ-2, ಉಡಾಯಿಸಲು ದೊಡ್ಡ ಕಟ್ಟೋಣ ಬೇಕೆಂದು ವಿಶ್ಲೇಷಕರು ಹುಡುಕುತ್ತಿದ್ದರು. ಜರ್ಮನರು ಅದನ್ನು ವಾಹನದಲ್ಲಿ ತಂದು, ಗಟ್ಟಿ ನೆಲದ ಸಣ್ಣ ತುಂಡಿನ ಮೇಲೆ ನಿಲ್ಲಿಸಿ, ಹಾರಿಸಿ, ಹೊರಟುಹೋಗುತ್ತಿದ್ದರು.

ಸಮುದ್ರದ ಆಳವನ್ನೂ ಫೋಟೋದಿಂದ ಅಳೆದರೆಂದು ಕೇಳಿದ್ದೇನೆ. ಇದು ಉತ್ಪ್ರೇಕ್ಷೆಯೇ?

ಅಲ್ಲ. ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಮಿತ್ರರಾಷ್ಟ್ರಗಳ ಸೈನಿಕರನ್ನು ಇಳಿಸುವ ದೋಣಿಗಳು ಎಲ್ಲಿ ತಳಕ್ಕೆ ತಾಗುತ್ತವೆ ಎಂದು ಮೊದಲೇ ತಿಳಿಯಬೇಕಿತ್ತು. ಅಲೆ ದಡ ಸಮೀಪಿಸಿದಂತೆ, ನೀರು ಆಳ ಕಡಿಮೆಯಾದಂತೆ, ಅದರ ವೇಗ ತಗ್ಗುತ್ತದೆ. ನಿಗದಿತ ಸೆಕೆಂಡುಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ಒಂದೇ ಅಲೆಯ ನೆತ್ತಿ ಎಷ್ಟು ದೂರ ಸರಿದಿದೆ ಎಂದು ಅಳೆದರೆ ವೇಗ, ವೇಗದಿಂದ ಆಳ ಲೆಕ್ಕ ಸಿಗುತ್ತದೆ. ಇದರ ಜೊತೆಗೆ ಉಬ್ಬರ ಇಳಿತದ ಬೇರೆ ಬೇರೆ ಹೊತ್ತಿನಲ್ಲಿ ನೀರಿನಂಚು ಎಲ್ಲಿತ್ತು ಎಂಬುದನ್ನು ಚಿತ್ರಗಳಿಂದ ಗುರುತಿಸಿ ದಡದ ಇಳಿಜಾರನ್ನು ಬರೆದರು. ಆಕಾಶದ ಚಿತ್ರ ಸಾಲದ ಕಡೆಗೆ, ಯುದ್ಧಕ್ಕೆ ಮೊದಲು ರಜೆಗೆ ಹೋಗಿದ್ದ ಜನರ ಕರಾವಳಿಯ ಫೋಟೋ ಮತ್ತು ಪೋಸ್ಟ್‌ಕಾರ್ಡ್‌ಗಳನ್ನು 1942ರಲ್ಲಿ ಬಿಬಿಸಿಯ ಮೂಲಕ ಬೇಡಿ ತರಿಸಿಕೊಂಡರು.

ಆಶ್ವಿಟ್ಸ್‌ನ ಚಿತ್ರ ಕೈಯಲ್ಲಿದ್ದೂ ಅವರೇಕೆ ಸುಮ್ಮನಿದ್ದರು?

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ತಳುಕು ಹಾಕಿಕೊಂಡಿವೆ, ಬಿಡಿಸಿ ನೋಡಬೇಕು. 1944ರ ಏಪ್ರಿಲ್ 4ರಂದು ದಕ್ಷಿಣ ಆಫ್ರಿಕಾ ವಾಯುಪಡೆಯ ಮಾಸ್ಕಿಟೋ ವಿಮಾನವೊಂದು ಇಟಲಿಯಿಂದ ಹಾರಿ, ಮೊನೊವಿಟ್ಸ್‌ನಲ್ಲಿದ್ದ ಐ. ಜಿ. ಫಾರ್ಬೆನ್ ಕಂಪನಿಯ ಕೃತಕ ಇಂಧನ ಮತ್ತು ರಬ್ಬರ್ ಕಾರ್ಖಾನೆಯನ್ನು ಚಿತ್ರೀಕರಿಸಿತು. ಕ್ಯಾಮೆರಾ ಓಡುತ್ತಲೇ ಇದ್ದುದರಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದ, ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ಆಶ್ವಿಟ್ಸ್ ಶಿಬಿರವೂ ಫಿಲ್ಮಿನಲ್ಲಿ ಬಂತು. ಆಗಸ್ಟ್ 25ರ ಹಾರಾಟದಲ್ಲಂತೂ ಆ ಶಿಬಿರದ ಬಿರ್ಕೆನೌ ಭಾಗದ ಅನಿಲಕೋಣೆಗಳ ಕಟ್ಟಡಗಳೂ ಜನರ ಸಾಲೂ ದಾಖಲಾಗಿವೆ. ವಿಶ್ಲೇಷಕರಿಗೆ ಒಪ್ಪಿಸಿದ ಕೆಲಸ ಕಾರ್ಖಾನೆ. ಅವರು ಬಾಯ್ಲರ್ ಮನೆ, ಕೊಳವೆ ಸಾಲು, ಕಾಮಗಾರಿಯ ಪ್ರಗತಿಗಳನ್ನು ಅಚ್ಚುಕಟ್ಟಾಗಿ ಬರೆದರು, ಶಿಬಿರದ ಸಾಲುಮನೆಗಳತ್ತ ಗಮನ ಕೊಡಲಿಲ್ಲ. 1979ರಲ್ಲಿ ಅಮೆರಿಕದ ಸಿಐಎ ವಿಶ್ಲೇಷಕರಾದ ಡಿನೋ ಬ್ರೂಜಿಯೋನಿ ಮತ್ತು ರಾಬರ್ಟ್ ಪೊಯ್ರಿಯರ್, ಬದುಕುಳಿದವರ ಹೇಳಿಕೆಗಳನ್ನು ಎದುರಿಗಿಟ್ಟುಕೊಂಡು ಅದೇ ಫಿಲ್ಮ್‌ಗಳನ್ನು ಹಿಗ್ಗಿಸಿ ನೋಡಿ, ಏನು ಎಲ್ಲಿತ್ತು ಎಂಬುದನ್ನು ಪ್ರಕಟಿಸಿದರು.

ಎರಡನೆಯ ಪ್ರಶ್ನೆ ಸರಕಾರಗಳದ್ದು. 1944ರ ಬೇಸಿಗೆಯ ಹೊತ್ತಿಗೆ ಆಶ್ವಿಟ್ಸ್‌ನಿಂದ ತಪ್ಪಿಸಿಕೊಂಡು ಬಂದ ರುಡಾಲ್ಫ್ ವ್ರಬಾ ಮತ್ತು ಆಲ್ಫ್ರೆಡ್ ವೆಟ್ಸ್ಲರ್ ಅವರ ವಿವರವಾದ ವರದಿ ಮಿತ್ರರಾಷ್ಟ್ರಗಳ ಕೈ ಸೇರಿತ್ತು, ಬಾಂಬ್ ದಾಳಿಯ ಬೇಡಿಕೆಗಳೂ ಬಂದು ತಿರಸ್ಕೃತವಾಗಿದ್ದವು. ಆದ್ದರಿಂದ ಚಿತ್ರ ಓದಿದವರು ಗಮನಿಸಲಿಲ್ಲವೆಂಬುದು ಅವರ ಕೆಲಸದ ಮಿತಿಗೆ ವಿವರಣೆಯಾದೀತೇ ಹೊರತು, ಮೇಲಿನವರ ತೀರ್ಮಾನಕ್ಕೆ ಸಮರ್ಥನೆಯಾಗಲಾರದು. ಇವೆರಡನ್ನೂ ಬೆರೆಸಿ ಬರೆದ ಲೇಖನಗಳು ಬಹಳ ಇವೆ.

ಭಾರತಕ್ಕೂ ಇದಕ್ಕೂ ಏನಾದರೂ ಸಂಬಂಧವಿತ್ತೇ?

ಇತ್ತು. ಬರ್ಮಾ ರಣರಂಗದ ಚಿತ್ರೀಕರಣಕ್ಕಾಗಿ ಕೋಲ್ಕತ್ತದ ದಮ್ ದಮ್‌ನಲ್ಲಿ ಬ್ರಿಟಿಷ್ ವಾಯುಪಡೆಯ 681ನೆಯ ಸ್ಕ್ವಾಡ್ರನ್ 1943ರ ಜನವರಿಯಲ್ಲಿ ರೂಪುಗೊಂಡಿತು, ಅದೇ ವರ್ಷ 684 ಕೂಡ ಬಂತು. ವಿಶ್ಲೇಷಣೆಯ ಕೇಂದ್ರ ದೆಹಲಿಯಲ್ಲಿತ್ತು, ಅದರ ಮುಖ್ಯಸ್ಥರು ಪುರಾತತ್ತ್ವಜ್ಞ ಗ್ಲಿನ್ ಡೇನಿಯಲ್. ಯುರೋಪಿನ ಪಾಠಗಳು ಇಲ್ಲಿ ಪೂರ್ತಿ ನಡೆಯಲಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಮೋಡ ನೆಲವನ್ನೇ ಮುಚ್ಚುತ್ತಿತ್ತು, ದಟ್ಟ ಕಾಡಿನ ಕೆಳಗೆ ಸಾಗುವ ಜಪಾನಿ ಪಡೆಗಳು ಕಾಣುತ್ತಿರಲಿಲ್ಲ, ಮರದಿಂದ ಮಾಡಿದ ಮಾಸ್ಕಿಟೋ ವಿಮಾನಗಳ ರೆಕ್ಕೆಗಳು 1944ರಲ್ಲಿ ಇಲ್ಲಿ ಕಳಚಿಬಿದ್ದು ಹಾರಾಟವನ್ನೇ ನಿಲ್ಲಿಸಬೇಕಾಯಿತು.

ಸ್ವಾತಂತ್ರ್ಯಾನಂತರ ಈ ಕೆಲಸ ಭಾರತೀಯ ವಾಯುಪಡೆಯ 106ನೆಯ ಸ್ಕ್ವಾಡ್ರನ್‌ಗೆ, ಅದರ ಕ್ಯಾನ್‌ಬೆರಾ ವಿಮಾನಗಳಿಗೆ ಬಂತು. ಅಕ್ಸಾಯ್ ಚಿನ್ ಮತ್ತು ಟಿಬೆಟ್ ಮೇಲೆ, ನಂತರ 1965ರಲ್ಲಿ ಪಾಕಿಸ್ತಾನದ ಮೇಲೆ ಹಾರಿದ ಜಗ್ ಮೋಹನ್ ನಾಥ್ ಅವರಿಗೆ ಮಹಾವೀರ ಚಕ್ರ ಎರಡು ಸಲ ಸಂದಿತು. 1999ರ ಮೇ 21ರಂದು ಕಾರ್ಗಿಲ್ ಮೇಲೆ ಚಿತ್ರ ತೆಗೆಯುತ್ತಿದ್ದ ಕ್ಯಾನ್‌ಬೆರಾಕ್ಕೆ ಕ್ಷಿಪಣಿ ತಗಲಿದರೂ ಅದು ಒಂದೇ ಎಂಜಿನ್‌ನಲ್ಲಿ ಮರಳಿ ಇಳಿಯಿತು. ಇಂದು ಇದೇ ಕೆಲಸದ ದೊಡ್ಡ ಪಾಲು ಉಪಗ್ರಹಗಳದ್ದು, ಇಸ್ರೋದ ಅಂಥ ಉಪಗ್ರಹಗಳು ರೂಪುಗೊಳ್ಳುವುದು ಬೆಂಗಳೂರಿನಲ್ಲಿ. 2005ರ ಮೇ 5ರಂದು ಹಾರಿದ ನಾಗರಿಕ ನಕ್ಷೆಗಳ ಕಾರ್ಟೊಸ್ಯಾಟ್-1ರಲ್ಲಿ ಎರಡು ಕ್ಯಾಮೆರಾಗಳಿದ್ದವು, ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿದ್ದವು. ಒಂದೇ ನೆಲವನ್ನು ಎರಡು ಕೋನದಿಂದ ಹಿಡಿಯುವ ಉಪಾಯ ಇದರಲ್ಲೂ ಅದೇ.

ಆ ಚಿತ್ರಗಳೆಲ್ಲ ಈಗ ಎಲ್ಲಿವೆ, ಯಾರಿಗಾದರೂ ಉಪಯೋಗವಿದೆಯೇ?

ಮೆಡ್ಮೆನಮ್‌ನ ಸಂಗ್ರಹದ ದೊಡ್ಡ ಭಾಗ ಈಗ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರುವ ರಾಷ್ಟ್ರೀಯ ವೈಮಾನಿಕ ಚಿತ್ರಸಂಗ್ರಹದಲ್ಲಿದೆ. ಇತಿಹಾಸಕಾರರಿಗಿಂತ ಅದನ್ನು ತುರ್ತಾಗಿ ಬೇಡುವವರು ಜರ್ಮನಿಯ ಬಾಂಬ್ ನಿಷ್ಕ್ರಿಯ ದಳದವರು. ಅಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುವ ಮುನ್ನ ಆ ಜಾಗದ ಯುದ್ಧಕಾಲದ ಚಿತ್ರಗಳನ್ನು ಪರಿಶೀಲಿಸುವುದು ಅನೇಕ ಕಡೆ ಕಡ್ಡಾಯ. ಸ್ಫೋಟಿಸಿದ ಬಾಂಬು ಅಗಲವಾದ ಗುಂಡಿಯನ್ನೂ ಸುತ್ತಲೂ ಎರಚಿದ ಮಣ್ಣನ್ನೂ ಬಿಟ್ಟಿರುತ್ತದೆ. ಸ್ಫೋಟಿಸದೆ ನೆಲದೊಳಕ್ಕೆ ಹೊಕ್ಕದ್ದು ಬಿಡುವುದು ಒಂದು ಸಣ್ಣ ಕಪ್ಪು ತೂತನ್ನು ಮಾತ್ರ, ಅದನ್ನು ಮರದ ಬುಡದ ನೆರಳಿನಿಂದಲೋ ಫಿಲ್ಮಿನ ಮೇಲಿನ ಕೊಳೆಯಿಂದಲೋ ಬೇರ್ಪಡಿಸಲು ಇವತ್ತಿನ ವಿಶ್ಲೇಷಕರೂ ಎರಡು ಚಿತ್ರಗಳನ್ನು ಸ್ಟೀರಿಯೋ ಜೋಡಿಯಾಗಿಯೇ ನೋಡುತ್ತಾರೆ.